ತೊಗಟೆ ಉಳಿದ ಬಟ್ಟಲು
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವಷ್ಟು ವಿದ್ಯೆ ನನ್ನಲ್ಲಿಲ್ಲ. ಏಳನೆಯ ತರಗತಿಗೆ ಪುಸ್ತಕ ಕಟ್ಟಿಟ್ಟು ಕುಂದಾಪುರದ ಕಡೆಯಿಂದ ಬಸ್ಸು ಹತ್ತಿದವನು ನಾನು. ಆದರೆ ಮುಂದಿನ ಭಾನುವಾರ ಸಂಘದ ಮುಂದೆ ಒಂದು ಪ್ರಶ್ನೆ ಬರಲಿದೆ. ರಾತ್ರಿಶಾಲೆಯ ಹಿಂದಿನ ಕೋಣೆಯಲ್ಲಿ ಮರ ಕಡೆಯುವ ಒಂದು ಲೇತ್ ಹಾಕಬೇಕೆ, ಬೇಡವೆ? "ಹೋಟೆಲಿನವನಿಗೆ ಮರಗೆಲಸ ಏಕೆ? ಆ ದುಡ್ಡಿನಲ್ಲಿ ವಾರ್ಷಿಕೋತ್ಸವವನ್ನು ಚೆನ್ನಾಗಿ ಮಾಡಬಹುದಲ್ಲ" ಎಂದು ಕೆಲವರು ಕೇಳಿದ್ದಾರೆ. ಕೇಳಿದ್ದು ನ್ಯಾಯವೇ. ಅದಕ್ಕೆ ನನ್ನ ಉತ್ತರ ಈ ಬಟ್ಟಲು. ಕೈಯಿಂದ ಕೈಗೆ ದಾಟಿಸಿ ನೋಡಿ.

ಇದು ಹಲಸಿನ ಕೊಂಬೆಯದು. ತಳ ದುಂಡಗಿದೆ, ನುಣ್ಣಗಿದೆ. ಬಾಯಿ ಮಾತ್ರ ಸಮವಾಗಿಲ್ಲ. ಎರಡು ಕಡೆ ಏರಿದೆ, ಎರಡು ಕಡೆ ಇಳಿದಿದೆ. ಅಂಚಿಗೆ ಮರದ ತೊಗಟೆ ಹಾಗೆಯೇ ಅಂಟಿಕೊಂಡಿದೆ. ಯಾರೂ ಆ ಅಂಚನ್ನು ಕೆತ್ತಿಲ್ಲ. ಮರ ಬೆಳೆದದ್ದೇ ಹಾಗೆ. ಚನ್ನಪಟ್ಟಣದ ಬೊಂಬೆ ನೋಡಿದವರಿಗೆ ಇದು ಹೊಸತೆನಿಸಬಹುದು. ಅಲ್ಲಿ ಹಾಲೆ ಮರವನ್ನು ಲೇತಿನಲ್ಲಿ ತಿರುಗಿಸಿ, ಬಣ್ಣದ ಅರಗಿನ ಕಡ್ಡಿ ಒತ್ತಿ, ಎಲ್ಲವನ್ನೂ ನಯ ಮಾಡುತ್ತಾರೆ. ಇಲ್ಲಿ ಅರ್ಧ ನಯ, ಅರ್ಧ ಮರದ ಇಷ್ಟ.

ಇಂಥ ಬಟ್ಟಲನ್ನು ನಾನು ಮೊದಲು ಕಂಡದ್ದು ಕೊಚ್ಚಿಯಲ್ಲಿ. ಹದಿಮೂರನೆಯ ವಯಸ್ಸಿಗೆ ಅಲ್ಲಿಯ ಒಂದು ಹೋಟೆಲಿಗೆ ಮಾಣಿಯಾಗಿ ಸೇರಿದೆ. ರಜೆಯ ಮಧ್ಯಾಹ್ನ ಮಟ್ಟಾಂಚೇರಿಯ ಹಳೇ ಸಾಮಾನಿನ ಅಂಗಡಿಗಳ ಮುಂದೆ ನಡೆಯುತ್ತಿದ್ದೆ, ಫೋರ್ಟ್ ಕೊಚ್ಚಿಯ ದೊಡ್ಡ ಮಳೆಮರಗಳ ಕೆಳಗೆ ಕೂರುತ್ತಿದ್ದೆ. ಒಂದು ಅಂಗಡಿಯ ಗಾಜಿನ ಹಿಂದೆ ತೊಗಟೆಯ ಅಂಚಿನ ಬಟ್ಟಲೊಂದಿತ್ತು. ಅದರ ಚೀಟಿಯಲ್ಲಿದ್ದ ಬೆಲೆ ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಸೌದೆಗೆ ಹೋಗಬೇಕಾದ ಕೊಂಬೆಗೆ ಇಷ್ಟು ಬೆಲೆ ಹೇಗೆ ಬಂತು ಎಂಬ ಪ್ರಶ್ನೆ ಅಂದೇ ತಲೆಗೆ ಹೊಕ್ಕಿತು.

ಅದೇ ಹೋಟೆಲಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಹೋಟೆಲಿನ ಹೆಸರು ಬೇಡ. ನನ್ನ ಜೊತೆ ಮಲಗುತ್ತಿದ್ದ ಹುಡುಗ ಬೆಳಗಿನ ಜಾವ ಗ್ರೈಂಡರಿನಲ್ಲಿ ಹಿಟ್ಟು ರುಬ್ಬುತ್ತಿದ್ದ. ಯಂತ್ರ ತಿರುಗುತ್ತಿರುವಾಗಲೇ ಕೈ ಹಾಕಿ ಹಿಟ್ಟು ತಳ್ಳುವುದು ಅಲ್ಲಿನ ರೂಢಿ. ನಿಲ್ಲಿಸಿದರೆ ತಡವಾಗುತ್ತದೆ, ತಡವಾದರೆ ಬೈಗಳು. ಒಂದು ದಿನ ಅವನ ಎರಡು ಬೆರಳು ಹೋದವು. ಧಣಿಗಳು ಔಷಧಿಯ ಖರ್ಚು ಕೊಟ್ಟರು, ಬಸ್ಸಿನ ಚಾರ್ಜು ಕೊಟ್ಟರು, ಊರಿಗೆ ಕಳಿಸಿದರು. "ಅವನ ಹಣೆಬರಹ" ಎಂದು ಭಟ್ಟರು ಹೇಳಿದರು. ನಾನೂ ಹೌದೆಂದೆ. ಅದಕ್ಕಿಂತ ಹೆಚ್ಚು ನನಗೆ ತಿಳಿದಿರಲಿಲ್ಲ.

ಕೆಲವು ವರ್ಷಗಳ ಮೇಲೆ ತಿರುವನಂತಪುರಕ್ಕೆ ಹೋದೆ, ಸಪ್ಲಾಯರ್ ಆದೆ. ನಮ್ಮ ಕೋಣೆಯ ಹಿಂದಿನ ಓಣಿಯಲ್ಲಿ ಒಬ್ಬ ಮುದುಕ ಆಶಾರಿಯ ಷೆಡ್ಡು ಇತ್ತು. ಆಶಾರಿ ಎಂದರೆ ನಮ್ಮ ಬಡಗಿ. ಮಂಚದ ಕಾಲು, ಮೆಟ್ಟಿಲ ಕಂಬ ಕಡೆಯುವುದು ಅವರ ಹೊಟ್ಟೆಪಾಡು. ಬಟ್ಟಲು ಮಾಡುವುದು ಮನಸ್ಸಿನ ಸಂತೋಷಕ್ಕೆ. ಮಲಯಾಳದಲ್ಲಿ ಮೊಸರು ಕಡೆಯುವುದಕ್ಕೂ ಲೇತಿನಲ್ಲಿ ಮರ ತಿರುಗಿಸಿ ರೂಪ ಕೊಡುವುದಕ್ಕೂ ಒಂದೇ ಮಾತು, ಕಡಯುಕ. ನಮ್ಮ 'ಕಡೆಯುವುದು' ಅದರ ಒಡಹುಟ್ಟು. ಕರೆಂಟು ಬರುವ ಮೊದಲು ಮರಕ್ಕೆ ಹಗ್ಗ ಸುತ್ತಿ, ಕಡಗೋಲಿನ ಹಾಗೆ ಅತ್ತ ಇತ್ತ ಎಳೆಯುತ್ತಿದ್ದರಂತೆ. ಒಬ್ಬ ಎಳೆಯುವವನು, ಒಬ್ಬ ಉಳಿ ಹಿಡಿಯುವವನು. ಮರ ತನ್ನ ಕಡೆ ತಿರುಗಿದಾಗ ಮಾತ್ರ ಉಳಿ ತಾಗಿಸಬೇಕು. ಬೇಲೂರಿನ ದುಂಡು ಕಂಬಗಳನ್ನು ನೋಡಿದ್ದೀರಲ್ಲ? ಅವು ಕಲ್ಲನ್ನು ತಿರುಗಿಸಿ ಕಡೆದವು. ನಮಗೆ ಈ ವಿದ್ಯೆ ಪರಕೀಯವಲ್ಲ.

ನಾನು ದಿನವೂ ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ಅವರೇ ಕೇಳಿದರು, "ಏನು ಮೋನೇ, ನೋಡಿ ಹೊಟ್ಟೆ ತುಂಬುತ್ತದೆಯೆ?"

"ಕಲಿಸುತ್ತೀರಾ ಆಶಾರಿ ಚೇಟ್ಟಾ?" ಎಂದೆ.

"ಮೊದಲು ಲುಂಗಿ ಬಿಚ್ಚಿ ಚಡ್ಡಿ ಹಾಕಿಕೊಂಡು ಬಾ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ತಿರುಗುವ ಯಂತ್ರಕ್ಕೆ ಲುಂಗಿಯ ತುದಿ ಸಿಕ್ಕರೆ ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಸಡಿಲ ತೋಳು ಬೇಡ, ಕೈಗೆ ಗವಸು ಬೇಡ, ಕಣ್ಣಿಗೆ ಕನ್ನಡಕ ಬೇಕು, ಧೂಳು ಏಳುವಾಗ ಮೂಗಿಗೆ ಬಟ್ಟೆ ಬೇಕು. ಇದು ಮೊದಲ ಪಾಠ.

ಎರಡನೆಯ ಪಾಠ ಮರದ್ದು. ಜೂನ್ ತಿಂಗಳ ಮಳೆಯಲ್ಲಿ ರಸ್ತೆಯವರು ಕಡಿದು ಹಾಕಿದ ಮಾವಿನ ಕೊಂಬೆಯನ್ನು ಹೊತ್ತು ತಂದೆ. ಲೇತಿಗೆ ಹಾಕಿದೊಡನೆ ತೊಗಟೆ ಇಡಿಯಾಗಿ ಕಳಚಿ ಗೋಡೆಗೆ ಬಡಿಯಿತು. ಮರದಲ್ಲಿ ರಸ ಹರಿಯುತ್ತಿರುವಾಗ, ಅದು ಬೆಳೆಯುತ್ತಿರುವಾಗ, ತೊಗಟೆ ಸಡಿಲವಾಗಿರುತ್ತದೆ. ಬೆಳವಣಿಗೆ ನಿಂತ ಕಾಲದಲ್ಲಿ ಕಡಿದರೆ ಬಿಗಿಯಾಗಿ ಉಳಿಯುತ್ತದೆ. ಇನ್ನೊಂದು ಸಲ ಕೊಂಬೆಯ ನಡುವಿನ ತಿರುಳನ್ನು ಬಿಡಿಸದೆ ಬಟ್ಟಲು ಮಾಡಿದೆ. ರಾತ್ರಿ ಮಲಗಿದ್ದಾಗ ತಲೆಯ ಹತ್ತಿರ ಟಪ್ಪೆಂದು ಸದ್ದು. ಬೆಳಿಗ್ಗೆ ನೋಡಿದರೆ ತಳ ಸೀಳಿತ್ತು. ಒಣಗುವಾಗ ಮರ ಒಂದೊಂದು ದಿಕ್ಕಿಗೆ ಒಂದೊಂದು ಪ್ರಮಾಣದಲ್ಲಿ ಕುಗ್ಗುತ್ತದೆ. ತಿರುಳು ಒಳಗಿದ್ದರೆ ಆ ಎಳೆದಾಟಕ್ಕೆ ಸೀಳು ಬೀಳುತ್ತದೆ.

ಈ ಬಟ್ಟಲಿನ ಕೊಂಬೆ ಬಂದದ್ದು 2017ರಲ್ಲಿ. ಆ ವರ್ಷ ನವೆಂಬರ್ 30ರಂದು ಓಖಿ ಚಂಡಮಾರುತ ತಿರುವನಂತಪುರದ ಕರಾವಳಿಗೆ ಬಡಿಯಿತು. ಸಮುದ್ರಕ್ಕೆ ಹೋದ ಅನೇಕ ಮೀನುಗಾರರು ಹಿಂದಿರುಗಲಿಲ್ಲ. ಊರಲ್ಲಿ ಮರಗಳು ಉರುಳಿದವು. ಮರುದಿನ ಆಶಾರಿಯವರು, ಬಿದ್ದ ಹಲಸಿನ ಒಂದು ಕೊಂಬೆಯನ್ನು ಕೇಳಿ ಪಡೆದು, ತುದಿಗಳು ಒಣಗಿ ಬಿರಿಯದಂತೆ ಎರಡೂ ಕಡೆ ಮೇಣ ಬಳಿದರು. "ಇದು ನಿನ್ನದು. ಕೆಡಿಸಬೇಡ" ಎಂದರು.

ಮಾಡುವ ಕ್ರಮವನ್ನು ಹೇಳುತ್ತೇನೆ. ಸೌತೆಕಾಯಿಯನ್ನು ಉದ್ದಕ್ಕೆ ಸೀಳುವ ಹಾಗೆ ಕೊಂಬೆಯನ್ನು ತಿರುಳಿನ ನೇರಕ್ಕೆ ಸೀಳಿ, ತಿರುಳನ್ನು ತೆಗೆದುಬಿಡಬೇಕು. ಸೀಳಿದ ಚಪ್ಪಟೆ ಭಾಗವೇ ಬಟ್ಟಲಿನ ತಳ. ತೊಗಟೆಯ ಉಬ್ಬಿದ ಬೆನ್ನೇ ಬಾಯಿ. ಕೊಂಬೆಯ ಬೆನ್ನು ಉಬ್ಬಿರುವುದರಿಂದಲೇ ಅಂಚು ಎರಡು ಕಡೆ ಏರಿ, ಎರಡು ಕಡೆ ಇಳಿಯುತ್ತದೆ. ತುಂಡನ್ನು ಲೇತಿನ ಎರಡು ಮೊನೆಗಳ ನಡುವೆ ಹಿಡಿಸುವಾಗ ಏರು ಏರಿಗೆ ಸಮ, ಇಳಿತ ಇಳಿತಕ್ಕೆ ಸಮ ಬರುವ ಹಾಗೆ ಸರಿಸಿ ಸರಿಸಿ ನೋಡಬೇಕು. ಒಂದು ಮೊನೆ ತೊಗಟೆಯ ಕಡೆ ಬರುತ್ತದೆ. ಅಲ್ಲಿ ಅಷ್ಟು ಜಾಗದ ತೊಗಟೆ ಬಿಡಿಸಿ ಮೊನೆ ಗಟ್ಟಿ ಮರವನ್ನು ಕಚ್ಚುವಂತೆ ಮಾಡಬೇಕು. ಮೊದಲು ನಿಧಾನ ವೇಗ. ಕೊಳವೆಯ ಹಾಗೆ ತಗ್ಗಿರುವ ಉಳಿಯಿಂದ, ತಳದಿಂದ ಬಾಯಿಯ ಕಡೆಗೆ ಹೊರಮೈಯನ್ನು ಕಡೆಯಬೇಕು. ತಳದಲ್ಲಿ ಒಂದು ಗಿಡ್ಡ ಕಾಲು ಬಿಡಬೇಕು. ಆಮೇಲೆ ತಿರುಗಿಸಿ, ಆ ಕಾಲನ್ನು ಚಕ್ಕಿನಲ್ಲಿ ಬಿಗಿಹಿಡಿಸಿ, ಒಳಗನ್ನು ತೋಡಬೇಕು. ಒಳಗೆ ಮಾತ್ರ ಬಾಯಿಯಿಂದ ತಳದ ಕಡೆಗೆ.

ಇಲ್ಲಿಯೇ ಅಪಾಯ. ಅಂಚು ಸಮವಿಲ್ಲದ್ದರಿಂದ ಉಳಿಗೆ ಒಮ್ಮೆ ಮರ ಸಿಗುತ್ತದೆ, ಒಮ್ಮೆ ಗಾಳಿ. ತಿರುಗುವಾಗ ಏರಿದ ಅಂಚು ಕಣ್ಣಿಗೆ ಕಾಣುವುದಿಲ್ಲ. ಮಬ್ಬು ನೆರಳಿನಂತೆ ತೋರುತ್ತದೆ, ಅಷ್ಟೆ. ಖಾಲಿ ಎಂದು ಬೆರಳಿಟ್ಟರೆ ಅದು ಫ್ಯಾನಿನ ರೆಕ್ಕೆ. ಆಶಾರಿಯವರು ಉಳಿಯಾನಿಸುವ ಕಬ್ಬಿಣದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದರು. ಕೈ ಆ ಗೆರೆ ದಾಟಬಾರದು. ಅಂಚನ್ನು ಉಜ್ಜಬೇಕೆ? ಯಂತ್ರ ನಿಲ್ಲಿಸು. ದಪ್ಪ ನೋಡಬೇಕೆ? ಯಂತ್ರ ನಿಲ್ಲಿಸು. ತೊಗಟೆಯ ಬಿರುಕಿಗೆ ಅಂಟಿನ ಹನಿ ಬಿಡಬೇಕೆ? ಯಂತ್ರ ನಿಲ್ಲಿಸು. "ನಿಲ್ಲಿಸುವುದು ಸೋಮಾರಿತನವಲ್ಲ ಮೋನೇ, ಅದೂ ಕೆಲಸವೇ" ಎನ್ನುತ್ತಿದ್ದರು.

ಆ ಮಾತು ಕೇಳಿದ ದಿನ ನನಗೆ ಕೊಚ್ಚಿಯ ಹುಡುಗನ ಎರಡು ಬೆರಳು ನೆನಪಾದವು. ಅದು ಹಣೆಬರಹವಾಗಿರಲಿಲ್ಲ. ಯಂತ್ರ ನಿಲ್ಲಿಸಿ ಹಿಟ್ಟು ತಳ್ಳಬಹುದಾಗಿತ್ತು. ಅರ್ಧ ನಿಮಿಷ ಹೋಗುತ್ತಿತ್ತು. ಆ ಅರ್ಧ ನಿಮಿಷ ಅವನಿಗೆ ಸೇರಿದ್ದೆಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ, ಹೇಳುವಷ್ಟು ನನಗೂ ತಿಳಿದಿರಲಿಲ್ಲ. ಸಂಘದ ಕೆಲಸಕ್ಕೆ ನಾನು ಬಂದದ್ದು ಆ ಷೆಡ್ಡಿನಿಂದ ಎಂದರೆ ಉತ್ಪ್ರೇಕ್ಷೆಯಲ್ಲ.

ಬಟ್ಟಲಿನ ಕತೆ ಮುಗಿಸುತ್ತೇನೆ. ಹಸಿಮರವಾದ್ದರಿಂದ ಅಂಚಿನಿಂದ ತಳದವರೆಗೆ ದಪ್ಪ ಒಂದೇ ಸಮ ಇರಬೇಕು. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ಒಣಗುವಾಗ ಬಿರಿಯುತ್ತದೆ. ಅಂಚನ್ನು ಮೊದಲೇ ಮುಗಿಸಿ ಕೆಳಗಿಳಿಯಬೇಕು. ತೆಳುವಾದ ಅಂಚು ಆಗಲೇ ಡೊಂಕಾಗತೊಡಗಿರುತ್ತದೆ, ಹಿಂದೆ ಹೋಗಿ ಮತ್ತೆ ಉಳಿ ತಾಗಿಸುವಂತಿಲ್ಲ. ಮುಗಿದ ಮೇಲೆ ಕಾಗದದ ಚೀಲದಲ್ಲಿ ಹೊಟ್ಟಿನ ನಡುವೆ ಇಟ್ಟು ವಾರಗಟ್ಟಲೆ ಮರೆತುಬಿಡಬೇಕು. ಇದು ದುಂಡಗೆ ಹುಟ್ಟಿ ಈಗ ಸ್ವಲ್ಪ ಅಂಡಾಕಾರವಾಗಿದೆ, ನೋಡಿ. ಹೊಸದರಲ್ಲಿ ಅರಿಸಿನದ ಬಣ್ಣವಿತ್ತು, ಈಗ ಜೇನಿನ ಬಣ್ಣ. ಹಲಸಿನ ಗುಣವೇ ಅದು. ನಮ್ಮ ಅಜ್ಜಿಯಂದಿರ ಉಪ್ಪಿನ ಮರಿಗೆ ನೆನಪಿದೆಯೆ? ಉಪ್ಪು ಲೋಹವನ್ನು ತಿನ್ನುತ್ತದೆ, ಮರವನ್ನು ತಿನ್ನುವುದಿಲ್ಲ. ಈ ಬಟ್ಟಲು ಆ ಮರಿಗೆಯ ಮೊಮ್ಮಗಳು.

ಇನ್ನು ಬೆಲೆಯ ಮಾತು. ಆಶಾರಿಯವರ ಬಟ್ಟಲುಗಳನ್ನು ಒಬ್ಬ ದಲ್ಲಾಳಿ ಕೊಂಡು ಹೋಗುತ್ತಿದ್ದ. ಅವರ ಕೈಗೆ ಒಂದು ರೂಪಾಯಿ ಬಂದರೆ ಅಂಗಡಿಯ ಚೀಟಿಯಲ್ಲಿ ಐದು ಇರುತ್ತಿತ್ತು. ಮಟ್ಟಾಂಚೇರಿಯಲ್ಲಿ ಹುಡುಗನಾಗಿ ಕೇಳಿಕೊಂಡ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೊಂಬೆಗೆ ಬೆಲೆ ತಂದದ್ದು ಕೈ, ಬೆಲೆ ಹೋದದ್ದು ಬೇರೆ ಕೈಗೆ. ವಿದ್ಯೆ ಒಂದೇ ಇದ್ದರೆ ಸಾಲದು.

ಗಿರಣಿಯ ಹಿರಿಯರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. 1982ರ ಜನವರಿ 18ರಂದು ಮುಂಬಯಿಯ ಗಿರಣಿಗಳ ಮುಷ್ಕರ ಶುರುವಾದಾಗ ಸುಮಾರು ಎರಡೂವರೆ ಲಕ್ಷ ಜನ ಹೊರಗೆ ನಿಂತರು. ಎಷ್ಟೋ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಕೈಯಲ್ಲಿ ಕಸಬಿತ್ತು, ಸಾಂಚೆ ಧಣಿಯದಾಗಿತ್ತು. ಬಾಗಿಲು ಮುಚ್ಚಿದ ದಿನ ಕಸಬೂ ಒಳಗೇ ಉಳಿಯಿತು.

ಇದಕ್ಕೆ ಪ್ರತಿಯಾಗಿ ಹೋಟೆಲಿನವರದೇ ಒಂದು ಉದಾಹರಣೆ ಉಂಟು. ತಿರುವನಂತಪುರದ ತಂಬಾನೂರಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಇಂಡಿಯನ್ ಕಾಫಿ ಹೌಸ್ ಇದೆ. ಲಾರಿ ಬೇಕರ್ ಕಟ್ಟಿಸಿದ ಇಟ್ಟಿಗೆಯ ಕಟ್ಟಡ. ಲೇತಿನಲ್ಲಿ ಕಡೆದಂತೆ ದುಂಡಗೆ ಸುತ್ತಿ ಮೇಲೇರುತ್ತದೆ. ಅಲ್ಲಿ ಕಾಫಿ ತಂದುಕೊಡುವವನೇ ಸಂಘದ ಪಾಲುದಾರ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳೆದುಕೊಂಡವರು ಎ.ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಸಹಕಾರ ಸಂಘ ಕಟ್ಟಿದರು. ಮೊದಲನೆಯದು 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ. 1958ರಲ್ಲಿ ತ್ರಿಶೂರಿನಲ್ಲಿ. ಮರಗೆಲಸದ ಕಡೆಗೂ ಇಂಥ ಕೈ ಚಾಚಿದೆ. 1925ರಲ್ಲಿ ವಡಗರದ ಹತ್ತಿರ ಕೂಲಿಗಳು ಕಟ್ಟಿಕೊಂಡ ಊರಾಳುಂಗಲ್ ಕಾರ್ಮಿಕರ ಸಹಕಾರ ಸಂಘ, ಕೋವಳಂ ಹತ್ತಿರದ ವೆಳ್ಳಾರಿನಲ್ಲಿ ಕರಕುಶಲ ಗ್ರಾಮವನ್ನು ನಡೆಸುತ್ತಿದೆ. ಅದು ತೆರೆದದ್ದು 2021ರಲ್ಲಿ. ಮಾಡುವವನು ಕೊಳ್ಳುವವನ ಎದುರಿಗೇ ಕೂತು ಮಾಡುತ್ತಾನೆ.

ಬಂಧುಗಳೇ, ಲೇತ್ ಬಂದರೆ ಸಂಬಳದ ಹೋರಾಟ ಬೇಡವೆಂದು ನಾನು ಹೇಳುತ್ತಿಲ್ಲ. ಬಟ್ಟಲು ಮಾಡಿ ಯಾರೂ ಸಾಹುಕಾರರಾಗುವುದೂ ಇಲ್ಲ. ನಾನು ಕೇಳುವುದು ಇಷ್ಟೆ. ನಮ್ಮದೇ ಆದ ಒಂದು ಯಂತ್ರ ಇರಲಿ. ಅದರ ಮುಂದೆ ನಿಂತ ಹುಡುಗನಿಗೆ ನಿಲ್ಲಿಸುವ ಗುಂಡಿ ಎಲ್ಲಿದೆ ಎಂಬುದನ್ನು ಮೊದಲು ಕಲಿಸೋಣ. ಅದನ್ನು ಕಲಿತವನು ನಾಳೆ ತನ್ನ ಹೋಟೆಲಿನ ಗ್ರೈಂಡರಿನ ಮುಂದೆಯೂ ಕೇಳುತ್ತಾನೆ. ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದ ಹಿರಿಯರು ಮರದ ಬಾಬಿನ್ನುಗಳನ್ನು ಜೀವಮಾನವಿಡೀ ಕೈಯಲ್ಲಿ ಆಡಿಸಿದವರು. ಅವು ಲೇತಿನಲ್ಲೇ ಹುಟ್ಟಿದವು. ಒಂದು ಕೂದಲೆಳೆ ಓಲಾಡಿದರೂ ನಿಮ್ಮ ಕೈಗೆ ತಿಳಿಯುತ್ತಿತ್ತು. ಆ ತಿಳಿವಳಿಕೆಯನ್ನು ಹುಡುಗರಿಗೆ ಕೊಡಿ. ಮಾಡಿದ ವಸ್ತು ಮಾರಿ ಬಂದ ಹಣದ ಲೆಕ್ಕ ಗೋಡೆಯ ಮೇಲೆ ಬರೆದಿರಲಿ. ಮಳೆಗಾಲಕ್ಕೆ ಮೊದಲು ಕತ್ತರಿಸಿದ ಕೊಂಬೆಗಳನ್ನು ಕೇಳಿ ತರುವ ಕೆಲಸ ನನ್ನದು.

ಆಶಾರಿಯವರು ಈಗ ಇಲ್ಲ. ಅವರ ಸೀಮೆಸುಣ್ಣದ ಗೆರೆ ನನ್ನ ಕಣ್ಣಿನಲ್ಲಿದೆ. ಕೊಚ್ಚಿಯ ಆ ಹುಡುಗ ಊರಿನಲ್ಲಿದ್ದಾನೆ. ಮೂರು ಬೆರಳಿನ ಕೈಯಿಂದ ದನಕ್ಕೆ ಹುಲ್ಲು ಹಾಕುತ್ತಾನೆ. ಕಳೆದ ಸಲ ಊರಿಗೆ ಹೋದಾಗ ಈ ಬಟ್ಟಲನ್ನು ಅವನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, "ಇದನ್ನು ಮಾಡುವಾಗ ನಿನಗೆ ಏನೂ ಆಗಲಿಲ್ಲವಾ ಮಾರಾಯಾ?" ಎಂದು ಕೇಳಿದ.

ಇಲ್ಲ ಎಂದೆ. ಮುಂದಿನ ಭಾನುವಾರ ಕೈ ಎತ್ತುವಾಗ ಅವನ ಪ್ರಶ್ನೆ ತಮ್ಮ ನೆನಪಿನಲ್ಲಿರಲಿ ಎಂದು ಬೇಡಿಕೊಂಡು, ನನ್ನ ನಾಲ್ಕು ಮಾತನ್ನು ಮುಗಿಸುತ್ತೇನೆ.