ಎಕರೆ ನಮ್ಮದು, ಮಣ್ಣು ಯಾರದು?

(ಹುಮನಾಬಾದ್‌ನ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪಟ್ಟಣದಲ್ಲಿರುವ ನಮಗೂ ಹೊಲದ ಮಣ್ಣಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಹುಮನಾಬಾದ್, ಬಸವಕಲ್ಯಾಣಗಳಲ್ಲಿ ಅಂಗಡಿ, ಗ್ಯಾರೇಜು, ನೌಕರಿ ಎಂದು ನೆಲೆಸಿರುವ ಎಷ್ಟೋ ಕುಟುಂಬಗಳಿಗೆ ಹಳ್ಳಿಯಲ್ಲಿ ಅಜ್ಜನ ಕಾಲದ ಎರಡೋ ನಾಲ್ಕೋ ಎಕರೆ ಉಳಿದಿದೆ. ವರ್ಷಕ್ಕೊಮ್ಮೆ ಗುತ್ತಿಗೆಯ ಹಣ ಎಣಿಸಿಕೊಳ್ಳುತ್ತೇವೆ. ಅಲ್ಲಿ ಏನು ಬಿತ್ತಿದರು, ಬದುವಿನ ಬೇವು ನಿಂತಿದೆಯೋ ಉರುಳಿತೋ ಎಂದು ವಿಚಾರಿಸುವುದಿಲ್ಲ. ನಾನು ಇಂದು ಮಾತನಾಡಬೇಕೆಂದಿರುವುದು ಆ ಎಕರೆಗಳ ಕುರಿತು.

ನಮ್ಮ ಹಿರಿಯರ ಹೊಲ ಒಂದೇ ಬೆಳೆಯ ಹೊಲವಾಗಿರಲಿಲ್ಲ. ಮುಂಗಾರಿಗೆ ಜೋಳದ ನಡುವೆ ತೊಗರಿಯ ಸಾಲು. ಜೊತೆಗೆ ಹೆಸರು, ಉದ್ದು, ಪುಂಡಿ. ಹೆಸರು ಮೊದಲು ಮನೆಗೆ ಬರುತ್ತಿತ್ತು, ಆಮೇಲೆ ಜೋಳ, ಕೊನೆಗೆ ಚಳಿಗಾಲದಲ್ಲಿ ತೊಗರಿ. ಮಳೆ ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಉಳಿಯುತ್ತಿತ್ತು. ಜೋಳದ ಕಣಿಕೆ ದೇವಣಿ ಎತ್ತುಗಳಿಗೆ, ತೊಗರಿ ಕಟ್ಟಿಗೆ ಒಲೆಗೆ, ಎತ್ತಿನ ಗೊಬ್ಬರ ಮರಳಿ ಹೊಲಕ್ಕೆ. 2005ರಲ್ಲಿ ವಿಶ್ವಸಂಸ್ಥೆಯ ಆಶ್ರಯದ ಸಹಸ್ರಮಾನದ ಪರಿಸರ ಮೌಲ್ಯಮಾಪನವು, ಪ್ರಕೃತಿಯು ಮನುಷ್ಯನಿಗೆ ಸಲ್ಲಿಸುವ 24 ಸೇವೆಗಳನ್ನು ಪರಿಶೀಲಿಸಿ, ಅವುಗಳಲ್ಲಿ 15 ಕ್ಷೀಣಿಸುತ್ತಿವೆ ಎಂದಿತು. ಮಣ್ಣಿನ ಫಲವತ್ತತೆ, ನೀರು ಇಂಗುವಿಕೆ, ಪರಾಗಸ್ಪರ್ಶ ಮುಂತಾದ ಈ ಸೇವೆಗಳಿಗೆ ಯಾರೂ ಬಿಲ್ಲು ಕೊಡುವುದಿಲ್ಲ. ಆದ್ದರಿಂದಲೇ ಅವು ನಿಂತುಹೋದಾಗ ನಮಗೆ ತಿಳಿಯುವುದೂ ತಡವಾಗಿ.

ತೊಗರಿಯನ್ನೇ ನೋಡಿ. ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಉದುರಿದ ಎಲೆ ಮಣ್ಣಿಗೆ ಸೇರುತ್ತದೆ. ಇನ್ನೂ ಒಂದು ಸಂಗತಿಯಿದೆ. ನಮ್ಮ ಕೆಂಪು ಮಸಾರಿ ನೆಲದಲ್ಲಿ ರಂಜಕವು ಕಬ್ಬಿಣದೊಂದಿಗೆ ಬಿಗಿದುಕೊಂಡಿರುತ್ತದೆ, ಹೆಚ್ಚಿನ ಬೆಳೆಗಳಿಗೆ ಅದು ಸುಲಭವಾಗಿ ಸಿಗದು. ಹೈದರಾಬಾದ್ ರಸ್ತೆಯಲ್ಲಿ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್‌ನ ಸಂಶೋಧಕರು, ತೊಗರಿಯ ಬೇರು ಪಿಸಿಡಿಕ್ ಆಮ್ಲ ಎಂಬ ವಸ್ತುವನ್ನು ಸ್ರವಿಸಿ ಆ ಬಿಗಿಯನ್ನು ಸಡಿಲಿಸುತ್ತದೆ ಎಂಬುದನ್ನು 1990ರಲ್ಲಿ ಪ್ರಕಟಿಸಿದರು. ಎರೆ ಭೂಮಿಯ ಲೆಕ್ಕ ಬೇರೆ; ಅಲ್ಲಿ ರಂಜಕ ಮುಖ್ಯವಾಗಿ ಸುಣ್ಣದೊಂದಿಗೆ ಕೂಡಿರುತ್ತದೆ. ಪ್ರಯೋಗಾಲಯವಿಲ್ಲದ ಅಜ್ಜಂದಿರು ಇದರ ಹೆಸರು ಅರಿಯದಿದ್ದರೂ ಫಲವನ್ನು ಅರಿತಿದ್ದರು.

ಈಗ ಜಿಲ್ಲೆಯ ಮುಂಗಾರು ಹೊಲಗಳಲ್ಲಿ ಎಲ್ಲೆಲ್ಲೂ ಸೋಯಾ. ಸೋಯಾವನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅದೂ ದ್ವಿದಳ ಧಾನ್ಯವೇ, ಸುಮಾರು ನೂರು ದಿನಗಳಲ್ಲಿ ಕೈಗೆ ಹಣ ಕೊಡುತ್ತದೆ, ಸಾಲ ಮಾಡಿದ ರೈತನಿಗೆ ಅದು ಸಣ್ಣ ಮಾತಲ್ಲ. ಆದರೆ ಹೊಲದ ತುಂಬ ಅದೊಂದೇ ನಿಂತಾಗ ಎತ್ತಿಗೆ ಕಣಿಕೆಯಿಲ್ಲ, ಮನೆಗೆ ರೊಟ್ಟಿಯ ಜೋಳವಿಲ್ಲ, ರೋಗ ಬಂದರೆ ಇಡೀ ಹೊಲಕ್ಕೆ ಒಂದೇ ಬಾರಿ. ಸೋಯಾದ ನಡುವೆ ತೊಗರಿ ಸಾಲು ಹಾಕುವ ರೈತರೂ ನಮ್ಮಲ್ಲಿದ್ದಾರೆ, ಅದು ಜಾಣತನ. ಇತ್ತ ಎತ್ತು ಸಾಕುವುದೂ ಕಷ್ಟವಾಗಿದೆ. 1964ರ ಕಾಯ್ದೆ ಮುದಿ ಎತ್ತಿನ ವಿಲೇವಾರಿಗೆ ಇಟ್ಟಿದ್ದ ದಾರಿಯನ್ನು 2020ರ ಕಾಯ್ದೆ ಮುಚ್ಚಿತು. ಅದರ ಹೊರೆ ಬಿದ್ದದ್ದು ಕಸಾಯಿಯ ಮೇಲೆ ಮಾತ್ರವಲ್ಲ, ಎತ್ತು ಕಟ್ಟುವ ರೈತನ ಮೇಲೂ.

ಇನ್ನು ಗುತ್ತಿಗೆಯ ವಿಷಯ. ಒಂದೇ ವರ್ಷಕ್ಕೆ ಹೊಲ ಪಡೆದವನು, ಮುಂಗಡವಾಗಿ ಹಣ ಕೊಟ್ಟವನು, ಬದು ಏಕೆ ಕಟ್ಟುತ್ತಾನೆ? ಗೊಬ್ಬರ ಏಕೆ ಹಾಕುತ್ತಾನೆ? ಮುಂದಿನ ವರ್ಷ ಆ ಹೊಲ ಇನ್ನೊಬ್ಬನದು. ಅವನದು ದುರಾಸೆಯಲ್ಲ, ನಾವು ಹಾಕಿದ ಕರಾರಿನ ಫಲ. 1974ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ, ಕೆಲವು ವಿನಾಯಿತಿಗಳ ಹೊರತು, ಗೇಣಿಗೆ ಕಾನೂನಿನ ಮಾನ್ಯತೆಯಿಲ್ಲ. ಹೀಗಾಗಿ ಉಳುವವನ ಹೆಸರು ಯಾವ ಕಾಗದದಲ್ಲೂ ಇರದು. ನೀತಿ ಆಯೋಗ 2016ರಲ್ಲಿ ಮಾದರಿ ಭೂಗುತ್ತಿಗೆ ಮಸೂದೆಯನ್ನು ಮುಂದಿಟ್ಟಿತು. ನಮ್ಮ ರಾಜ್ಯ 2020ರಲ್ಲಿ ಭೂಸುಧಾರಣಾ ಕಾಯ್ದೆಯನ್ನು ತಿದ್ದಿತಾದರೂ, ಅದು ಕೃಷಿಕರಲ್ಲದವರಿಗೆ ಹೊಲ ಕೊಳ್ಳುವ ಬಾಗಿಲು ತೆರೆಯಲು; ಗುತ್ತಿಗೆ ರೈತನಿಗೆ ರಕ್ಷಣೆ ನೀಡಲಲ್ಲ. ಯಾರ ಕೂಗು ವಿಧಾನಸೌಧಕ್ಕೆ ಕೇಳಿಸುತ್ತದೆ ಎಂಬುದು ಇದರಿಂದ ಸ್ಪಷ್ಟ.

ಮದ್ರಸದಲ್ಲಿ ಫಿಕ್ಹ್ ಓದಿದವರಿಗೆ ಮುಝಾರಅದ ಚರ್ಚೆ ನೆನಪಿರಬಹುದು. ಫಸಲಿನ ಪಾಲಿಗೆ ಹೊಲ ಕೊಡುವುದನ್ನು ಇಮಾಮ್ ಅಬೂ ಹನೀಫಾ ಒಪ್ಪಲಿಲ್ಲ; ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಒಪ್ಪಿದರು, ಹನಫೀಗಳ ರೂಢಿ ಶಿಷ್ಯರ ಅಭಿಪ್ರಾಯದಂತೆ ನಡೆಯಿತು. ಪ್ರವಾದಿಯವರು(ಸ) ಖೈಬರ್‌ನ ಜನರಿಗೆ ಅರ್ಧ ಫಸಲಿನ ಕರಾರಿನ ಮೇಲೆ ಭೂಮಿ ಬಿಟ್ಟುಕೊಟ್ಟದ್ದು ಇದರ ಆಧಾರ. ನಾನು ಫತ್ವಾ ಕೊಡುತ್ತಿಲ್ಲ, ಅದು ಉಲೆಮಾಗಳ ಕೆಲಸ. ಆದರೆ ಪಾಲಿನ ಕರಾರಿನಲ್ಲಿ ಮಳೆ ಹೋದರೆ ಒಡೆಯನೂ ನಷ್ಟದಲ್ಲಿ ಪಾಲುಗಾರ. ಆಗ ಅವನು ಹೊಲದ ಕಡೆ ಒಮ್ಮೆಯಾದರೂ ತಿರುಗಿ ನೋಡುತ್ತಾನೆ.

ಜಹೀರಾಬಾದ್ ನಮಗೆ ದೂರವಲ್ಲ. ಅಲ್ಲಿನ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ಕೆಲಸ ಮಾಡುತ್ತಿದೆ. 2023ರಲ್ಲಿ ನಿಧನರಾದ, ಮೈಸೂರು ಮೂಲದ ಪಿ.ವಿ. ಸತೀಶ್ ಅದನ್ನು ದಶಕಗಳ ಕಾಲ ಮುನ್ನಡೆಸಿದರು. ಅದರ ಸಂಘಗಳ ಸದಸ್ಯೆಯರು ಹೆಚ್ಚಾಗಿ ಬಡ ದಲಿತ ಮಹಿಳೆಯರು. ಅವರು ಪಾಳುಬಿದ್ದ ನೆಲವನ್ನು ಹದಗೊಳಿಸಿದರು, ಕೂಡಿ ಹೊಲ ಗುತ್ತಿಗೆ ಹಿಡಿದರು, ಹತ್ತಾರು ಬಗೆಯ ಬೀಜಗಳನ್ನು ಮನೆಯ ಬುಟ್ಟಿಗಳಲ್ಲಿ ಕಾಪಾಡಿದರು. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅವರಲ್ಲಿ ಅನೇಕರಿಗೆ ಅಕ್ಷರ ಬಾರದು. ನಮ್ಮ ಮನೆಗಳಲ್ಲಿ ಪದವೀಧರರಿದ್ದಾರೆ, ಪಹಣಿಯೂ ಇದೆ.

ಗುತ್ತಿಗೆಯ ಮಾತುಕತೆ ಯುಗಾದಿಯ ಸುಮಾರಿಗೆ ನಡೆಯುತ್ತದೆ. ಈ ಬಾರಿ ಹಣದ ಮೊತ್ತದ ಜೊತೆ ಮೂರು ಮಾತು ಸೇರಿಸಿ: ಹೊಲ ಮೂರು ವರ್ಷ ಅದೇ ರೈತನ ಬಳಿಯಿರಲಿ, ಯಾವ ಬೆಳೆಯಿದ್ದರೂ ತೊಗರಿಯ ಸಾಲು ಬೀಳಲಿ, ಬದುವಿನ ಮರಕ್ಕೆ ಕೊಡಲಿ ಬೇಡ. ಪ್ರತಿಯಾಗಿ ಗುತ್ತಿಗೆಯ ಹಣದಲ್ಲಿ ಸ್ವಲ್ಪ ಬಿಡಿ, ಅಥವಾ ಪಾಲಿಗೆ ಒಪ್ಪಿಕೊಳ್ಳಿ. ಹೊಲದಲ್ಲಿ ಹಕ್ಕಿರುವ ಅಕ್ಕತಂಗಿಯರನ್ನೂ ಆ ಮಾತುಕತೆಗೆ ಕೂರಿಸಿ. ಅವರ ಪಾಲಿನ ಮಣ್ಣೂ ಅದರಲ್ಲಿದೆ.