ಹೊರಗಿನ ಹಾರ್ಮೋನು, ಒಳಗಿನ ಮೌನ

ಐವತ್ತು ದಾಟಿದ ಗಂಡಸರಲ್ಲಿ ಸುಸ್ತು, ಕೀಲುನೋವು, ಕಾಮಾಸಕ್ತಿಯ ಕುಂದು ಕಂಡುಬಂದರೆ ಅದಕ್ಕೆ ಟೆಸ್ಟೊಸ್ಟೆರಾನ್ ಎಂಬ ಪುರುಷ ಹಾರ್ಮೋನಿನ ಕೊರತೆಯೇ ಕಾರಣವೇ, ಚುಚ್ಚುಮದ್ದಿನಿಂದ ಹಳೆಯ ಬಲ ಮರಳುವುದೇ ಎಂಬ ಪ್ರಶ್ನೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕೇಳುಗರಿಂದ ಪದೇ ಪದೇ ಬರುತ್ತಿದೆ. ನಡುವಯಸ್ಸಿನಿಂದ ಈ ಹಾರ್ಮೋನು ವರ್ಷಕ್ಕೆ ಸುಮಾರು ಶೇಕಡ 1ರಷ್ಟು ಇಳಿಯುವುದು ಸಹಜವೇ ಹೊರತು ರೋಗವಲ್ಲ.

ಮೆದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಲ್‌ಎಚ್ ಎಂಬ ಸಂದೇಶವಾಹಕವನ್ನು ರಕ್ತದ ಮೂಲಕ ಕಳುಹಿಸಿದಾಗಲೇ ವೃಷಣಗಳು ಟೆಸ್ಟೊಸ್ಟೆರಾನನ್ನು ತಯಾರಿಸುತ್ತವೆ; ಅದು ಹೊರಗಿನಿಂದ ಧಾರಾಳವಾಗಿ ಬಂದರೆ, ತೊಟ್ಟಿ ತುಂಬಿದೊಡನೆ ಮೋಟಾರು ತಾನಾಗಿ ನಿಲ್ಲುವಂತೆ, ಆ ಸಂದೇಶ ನಿಂತು, ವೃಷಣಗಳು ಕುಗ್ಗಿ, ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿ ಫಲಿತಾಂಶ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದೇ ಚುಚ್ಚುಮದ್ದನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಲಾಗಿತ್ತು ಎಂದ ಮೇಲೆ, ಮಕ್ಕಳಾಗಲೆಂದೇ ಅದನ್ನು ಹಾಕಿಸಿಕೊಳ್ಳುವುದು ಎಂಥ ತಪ್ಪೆಂಬುದನ್ನು ಬೇರೆ ಹೇಳಬೇಕಿಲ್ಲ. ಸರಳವಾಗಿ ಮತ್ತೊಮ್ಮೆ ಹೇಳುವುದಾದರೆ, ಹೊರಗಿನಿಂದ ಬಂದದ್ದು ಒಳಗೆ ಹುಟ್ಟುವುದನ್ನು ನಿಲ್ಲಿಸುತ್ತದೆ; ಹಾಗೆ ನಿಂತದ್ದು ಚೇತರಿಸಿಕೊಳ್ಳಲು ತಿಂಗಳುಗಳು, ಕೆಲವರಲ್ಲಿ ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಈ ಚುಚ್ಚುಮದ್ದು ಟಾನಿಕ್ ಅಲ್ಲ.

ಈ ಸೀಮೆಯಲ್ಲಿ ಸುಸ್ತಿಗೂ ನೋವಿಗೂ ಬೇರೆ ಕಾರಣಗಳು ಕಣ್ಣೆದುರಿಗೇ ಇವೆ. ಆಳದ ಕೊಳವೆಬಾವಿಯ ನೀರಿನಲ್ಲಿ ಮಿತಿ ಮೀರಿದ ಫ್ಲೋರೈಡ್ ಮೂಳೆಗೆ ಸೇರಿ ಕೀಲುಗಳನ್ನು ಬಿಗಿಯುತ್ತದೆ, ಅದನ್ನು ಯಾವ ಹಾರ್ಮೋನೂ ಹೊರಹಾಕಲಾರದು. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ಹಂತದಿಂದ, ಎದ್ದ ರೇಷ್ಮೆಹುಳುಗಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಸೊಪ್ಪು ಹಾಕುವವರ ನಿದ್ದೆ ಕೆಡುತ್ತದೆ. ನಿದ್ದೆಗೇಡು, ಬೊಜ್ಜು, ಸಕ್ಕರೆ ಕಾಯಿಲೆಗಳು ತಾವೇ ಟೆಸ್ಟೊಸ್ಟೆರಾನನ್ನು ತಗ್ಗಿಸುತ್ತವೆ.

ವೃಷಣ ಅಥವಾ ಪಿಟ್ಯುಟರಿಯ ರೋಗದಿಂದ ನಿಜವಾದ ಕೊರತೆಯುಳ್ಳವರಿಗೆ ಈ ಚಿಕಿತ್ಸೆ ನಿಸ್ಸಂಶಯವಾಗಿ ಉಪಕಾರಿ. ಲಕ್ಷಣಗಳ ಜೊತೆಗೆ, ಬೇರೆ ಬೇರೆ ಎರಡು ದಿನ ಬೆಳಗ್ಗೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪ್ರಮಾಣವು ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ಮಾತ್ರ ಕೊರತೆಯೆಂದು ಪರಿಗಣಿಸುವುದು ರೂಢಿಯಲ್ಲಿರುವ ಒಂದು ಮಾನದಂಡ. ಐದು ಸಾವಿರಕ್ಕೂ ಹೆಚ್ಚು ಗಂಡಸರನ್ನು ಒಳಗೊಂಡು 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನದಲ್ಲಿ ಈ ಚಿಕಿತ್ಸೆ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಹೆಚ್ಚಲಿಲ್ಲವಾದರೂ, ಹೃದಯಬಡಿತದ ಏರುಪೇರು ಮತ್ತು ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಹೆಚ್ಚಾಗಿ ಕಂಡುಬಂದವು. ಚಿಕಿತ್ಸೆ ಪಡೆಯುವವರಲ್ಲಿ ಕೆಂಪು ರಕ್ತಕಣಗಳ ಪಾಲು ಶೇಕಡ 54 ದಾಟಿದರೆ ಮದ್ದನ್ನು ನಿಲ್ಲಿಸಬೇಕಾಗುತ್ತದೆ. ಪ್ರಾಸ್ಟೇಟ್ ಗ್ರಂಥಿಯ ತಪಾಸಣೆಯೂ ಮೊದಲೇ ಆಗಿರಬೇಕು.

ಆದ್ದರಿಂದ ಪರೀಕ್ಷೆಯಿಲ್ಲದೆ, ತಜ್ಞವೈದ್ಯರ ಚೀಟಿಯಿಲ್ಲದೆ, ಯಾರದೋ ಮಾತು ನಂಬಿ ಈ ಚುಚ್ಚುಮದ್ದನ್ನು ಯಾರೂ ಹಾಕಿಸಿಕೊಳ್ಳಬಾರದು.