ನೋವಿಲ್ಲದ ಗಂಟನ್ನೂ ತೋರಿಸಿ



ಬಾಯಿ ಕ್ಯಾನ್ಸರ್ ಅಂದ ಕೂಡಲೇ ಸಂಘದ ಸಭೆಗಳಲ್ಲಿ ನಾವು ಕೇಳುವ ಮಾತು ಒಂದೇ: "ನಾನು ಎಲೆಅಡಿಕೆ ಹಾಕಲ್ಲ ಸಿಸ್ಟರ್, ನನಗ್ಯಾಕೆ ಬರುತ್ತೆ?" ಹೊಗೆಸೊಪ್ಪು, ಗುಟ್ಕಾ, ಅಡಿಕೆ ಮುಟ್ಟದವರಿಗೆ ಅಪಾಯ ಬಹಳ ಕಡಿಮೆ, ನಿಜ. ಆದರೆ ಬಾಯೊಳಗೆ ಇನ್ನೊಂದು ಜಾತಿಯ ಕ್ಯಾನ್ಸರ್ ಇದೆ. ಅದು ಜೊಲ್ಲುಗ್ರಂಥಿಗಳಲ್ಲಿ ಹುಟ್ಟುತ್ತದೆ. ತೀರಾ ಅಪರೂಪ, ಆದರೆ ಏನೂ ಜಗಿಯದವರಿಗೂ ಬರುತ್ತದೆ.

ಮಂಗನಬಾವು ಬಂದಾಗ ಕಿವಿಯ ಕೆಳಗೆ ಊದುತ್ತದಲ್ಲ, ಅದೇ ಜೊಲ್ಲುಗ್ರಂಥಿ. ಅಂಥ ದೊಡ್ಡವು ಮೂರು ಜೊತೆ. ಇವಲ್ಲದೆ ತುಟಿ, ಕೆನ್ನೆಯ ಒಳಭಾಗ, ನಾಲಿಗೆ, ಅಂಗುಳಲ್ಲೆಲ್ಲ 600ರಿಂದ 1000 ಚಿಕ್ಕ ಗ್ರಂಥಿಗಳಿವೆ. ಕಿವಿ ಹತ್ತಿರದ ದೊಡ್ಡ ಗ್ರಂಥಿಯಲ್ಲಿ ಬರುವ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಬಾಯೊಳಗಿನ ಚಿಕ್ಕ ಗ್ರಂಥಿಗಳ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ. ಆದ್ದರಿಂದ ಕಡಲೆಕಾಳಿನಷ್ಟೇ ಇದೆ ಅಂತ ಬಿಡಬೇಡಿ.

ಹೆಚ್ಚಾಗಿ ಕಾಣಿಸುವುದು ಅಂಗುಳಿನ ಹಿಂಭಾಗದಲ್ಲಿ, ಒಂದು ಪಕ್ಕಕ್ಕೆ. ಕನ್ನಡಿ ಮುಂದೆ ಬಾಯಿ ತೆರೆದು, ಟಾರ್ಚ್ ಹಾಕಿ, ತೊಳೆದ ಬೆರಳಿನಿಂದ ಮುಟ್ಟಿ ನೋಡಿ. ಸರಿಯಾಗಿ ನಡುಮಧ್ಯೆ ಕಲ್ಲಿನಂತೆ ಗಟ್ಟಿಯಾದ ಉಬ್ಬು ಎಷ್ಟೋ ವರ್ಷದಿಂದ ಇದ್ದರೆ ಅದು ಸಾಮಾನ್ಯವಾಗಿ ಬರೀ ಮೂಳೆ, ಗಾಬರಿ ಬೇಡ. ಪಕ್ಕದಲ್ಲಿ ಹೊಸದಾಗಿ ಗಂಟು ಎದ್ದು ಮೂರು ವಾರವಾದರೂ ಹೋಗದಿದ್ದರೆ ತೋರಿಸಲೇಬೇಕು. ನೋವಿಲ್ಲ ಅಂತ ಸಮಾಧಾನಪಡಬೇಡಿ. ಈ ಗಂಟು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೋವಿಲ್ಲದೆ ಬೆಳೆಯುತ್ತದೆ. ತುಟಿಯೋ ಅಂಗುಳೋ ಜೋಮು ಹಿಡಿದಂತಾದರೆ, ಮುಖ ಒಂದು ಕಡೆ ವಾಲಿದರೆ ಒಂದು ದಿನವೂ ಕಾಯಬೇಡಿ.

ಇಲ್ಲಿ ತೊಡಕು ಏನೆಂದರೆ, ಇದು ಹಲ್ಲಿನ ಕೀವುಗಂಟಿನ ಹಾಗೇ ಕಾಣುತ್ತದೆ. ಕೆಲವೊಮ್ಮೆ ನೀಲಿಬಣ್ಣದ ನೀರುಗುಳ್ಳೆಯಂತೆಯೂ ಇರುತ್ತದೆ. ಮಾತ್ರೆ ಕೊಡುತ್ತಾರೆ, ಹಲ್ಲು ಕೀಳುತ್ತಾರೆ, ಗಂಟು ಅಲ್ಲೇ ಇರುತ್ತದೆ. ವೈದ್ಯರನ್ನು ದೂರಿ ಫಲವಿಲ್ಲ, ಅವರಿಗೂ ಇದು ಅಪರೂಪಕ್ಕೆ ಸಿಗುವ ರೋಗ. ಒಂದು ಸಲ ಔಷಧಿ ಮುಗಿಸಿದ ಮೇಲೂ ಗಂಟು ಕರಗದಿದ್ದರೆ, "ಡಾಕ್ಟ್ರೇ, ಬಯಾಪ್ಸಿ ಬೇಕಾಗುತ್ತಾ?" ಅಂತ ನೀವೇ ಕೇಳಿ. ಕೇಳೋದ್ರಲ್ಲಿ ತಪ್ಪೇನಿದೆ?

"ಚುಚ್ಚಿದರೆ, ಕತ್ತರಿಸಿದರೆ ಕ್ಯಾನ್ಸರ್ ಹರಡುತ್ತೆ" ಎಂಬ ಮಾತನ್ನು ನಂಬಿ ಮನೆಯಲ್ಲೇ ಕೂತವರಿದ್ದಾರೆ. ಕಿವಿ, ದವಡೆ ಹತ್ತಿರದ ಗಂಟಾದರೆ ಸಣ್ಣ ಸೂಜಿಯಿಂದ ಜೀವಕೋಶ ತೆಗೆಯುತ್ತಾರೆ. ಅಂಗುಳಿನದಾದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಒಂದು ಚೂರು ತೆಗೆಯುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಯಾವುದು ಎಂದು ಖಚಿತವಾಗಿ ಹೇಳುವುದು ಆ ಚೂರೇ. ಎಷ್ಟು ದೂರ ಹೋಗಿದೆ ಎಂದು ನೋಡಲು ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್. ಇದರಲ್ಲಿ ಅಡಿನಾಯ್ಡ್ ಸಿಸ್ಟಿಕ್ ಎಂಬ ಒಂದು ಜಾತಿ ನರದ ಗುಂಟ ಹರಿದು, ಎಷ್ಟೋ ವರ್ಷದ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. ಅದಕ್ಕೇ ಆಪರೇಷನ್ ಆದ ಮೇಲೂ ತಪಾಸಣೆ ಬಿಡಬಾರದು.

ಖರ್ಚಿನ ಮಾತು. ಬಿ.ಪಿ.ಎಲ್. ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಬಸ್ ಖರ್ಚು, ಕೂಲಿ ನಷ್ಟಕ್ಕೆ ಸಂಘದ ತುರ್ತು ಸಾಲ ಕೊಡಿ, ಜೊತೆಗೊಬ್ಬರು ಹೋಗಿ.

ಇನ್ನೊಂದು ವಿಷಯ. ವಿರಳ ರೋಗವಾದ್ದರಿಂದ ದೊಡ್ಡ ಆಸ್ಪತ್ರೆಯಲ್ಲಿ ಆ ಚೂರನ್ನು ಮತ್ತೊಮ್ಮೆ ಪರೀಕ್ಷಿಸಬೇಕಾಗಬಹುದು. ಲ್ಯಾಬಿನವರು ಚೂರನ್ನು ಮೇಣದ ಅಚ್ಚಿನಲ್ಲಿ ಇಟ್ಟಿರುತ್ತಾರೆ, ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಬೆಂಗಳೂರಿನ ಕಿದ್ವಾಯಿಗೋ ಬೇರೆ ಕಡೆಗೋ ಹೊರಡುವ ಮೊದಲು ರಿಪೋರ್ಟಿನ ಜೊತೆ ಬ್ಲಾಕ್, ಸ್ಲೈಡ್ ಎರಡನ್ನೂ ಕೇಳಿ ತಗೊಳ್ಳಿ.